ಒರಿಜಿನಲ್ಲಾ ಸರ್?

ಕಳೆದ ಡಿಸೆಂಬರಿನ ಒಂದು ಭಾನುವಾರ ಮಂಗಳೂರಿನ ಮೈದಾನವೊಂದರಲ್ಲಿ ಹಳೇ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಉಡುಪಿಯಿಂದ ನಾನು ಅಪ್ಪನ ಅಂಬಾಸಿಡರ್ ಓಡಿಸಿಕೊಂಡು ಹೋಗಿದ್ದೆ. ಹಿಂದಿನಿಂದ ಹೆಂಡತಿ ಸೋದರಮಾವನ ಮಾರುತಿ 800 ತಂದಿದ್ದಳು. (ಅಂಬಾಸಿಡರಿನಲ್ಲಿ ಕೂರುವುದಿಲ್ಲ ಎಂದು ಮದುವೆಯಾದ ಎರಡನೇ ವಾರಕ್ಕೇ ಅವಳು ತೀರ್ಮಾನಿಸಿದ್ದಳು. ಆ ಕತೆ ಬೇರೆ.) ಹಿಂದಿನಿಂದ ಎಂದೆನಲ್ಲ, ಅದು ಪಡುಬಿದ್ರಿಯವರೆಗೆ ಮಾತ್ರ. ಆಮೇಲೆ ಅವಳಿಗೆ ಬೇಜಾರು ಬಂತು, ಮುಂದೆ ಹೋದಳು. ನಾನು ಮೈದಾನ ತಲುಪುವಾಗ ಅವಳ ಎರಡನೇ ಚಹಾ ಮುಗಿದಿತ್ತು.

ಹನ್ನೊಂದು ಗಂಟೆ ಹೊತ್ತಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷದ ಹುಡುಗನೊಬ್ಬ ಬಂದ. ಕುತ್ತಿಗೆಯಲ್ಲಿ ಕ್ಯಾಮರಾ ನೇತಾಡುತ್ತಿತ್ತು. ಅಂಬಾಸಿಡರಿಗೆ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಹಿಡಿಕೆ ಮುಟ್ಟಿ, ಕಿಟಕಿಯಿಂದ ಇಣುಕಿ, ನನ್ನ ಕಡೆ ತಿರುಗಿ ಕೇಳಿದ: “ಒರಿಜಿನಲ್ಲಾ ಸರ್?” ನಾನು ಬಾಯಿ ತೆರೆಯುವ ಮೊದಲೇ ಬಾನೆಟ್ ಎತ್ತಲು ಹೇಳಿದ. ಎತ್ತಿದೆ. “ಓ... ಇಂಜಿನ್ ಬೇರೆ” ಅಂದ. ದನಿಯಲ್ಲಿ ತಿರಸ್ಕಾರವೇನೂ ಇರಲಿಲ್ಲ. ಮದುವೆ ಊಟಕ್ಕೆ ಕೂತ ಮೇಲೆ ಹೋಳಿಗೆ ಮುಗಿದಿದೆ ಅಂತ ಗೊತ್ತಾದವನ ದನಿ, ಅಷ್ಟೇ. ಮರ್ಯಾದೆಗೆ ಒಂದು ಫೋಟೋ ತೆಗೆದು ಪಕ್ಕದ ಮಾರುತಿಗೆ ಹೋದ. ಅಲ್ಲಿ ಅರ್ಧ ಗಂಟೆ ಕಳೆದ. ಬಾನೆಟ್ಟಿನ ಒಳಗಿನ ಸ್ಟಿಕ್ಕರಿನ ಫೋಟೋ, ಫ್ಯೂಸ್ ಬಾಕ್ಸಿನ ಮುಚ್ಚಳದ ಫೋಟೋ, ಡಿಕ್ಕಿಯಲ್ಲಿ ಇವತ್ತಿಗೂ ಮಡಚಿಟ್ಟ ಹಾಗೇ ಇರುವ ಟೂಲ್ ಚೀಲದ ಫೋಟೋ. ಕೊನೆಗೆ ಮುಂದಿನ ಬಂಪರಿನ ಅಂಚಿನಲ್ಲಿದ್ದ ಒಂದು ಗೀರಿನ ಮೇಲೆ ಬೆರಳಾಡಿಸಿ, “ಇದೊಂದು ಬಿಟ್ರೆ ಗಾಡಿ ಪಕ್ಕಾ ಸರ್. ಪಾಲಿಶ್ ಹೊಡೆದ್ರೆ ಹೋಗ್ತದೆ” ಅಂತ ಸಲಹೆ ಕೊಟ್ಟು ಹೋದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಆದರೆ ಆ ಪ್ರಶ್ನೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತುಬಿಟ್ಟಿದೆ. ಎಷ್ಟು ಅನ್ನದ ಉಂಡೆ ನುಂಗಿದರೂ ಇಳಿಯುತ್ತಿಲ್ಲ.

ಎರಡೂ ಗಾಡಿ ಒಂದೇ ವರ್ಷದಲ್ಲಿ ನಿಂತವು ಎಂಬುದು ಬಹಳ ಮಂದಿಗೆ ನೆನಪಿಲ್ಲ. ಮಾರುತಿ 800 ತಯಾರಿಕೆ ಕೊನೆಯಾದದ್ದು 2014ರ ಜನವರಿ 18ಕ್ಕೆ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತದ್ದು ಅದೇ ವರ್ಷ ಮೇ 24ಕ್ಕೆ. ಅಜ್ಜನೂ ಮೊಮ್ಮಗನೂ ಒಂದೇ ಮಳೆಗಾಲದ ಮೊದಲು ಹೋದ ಹಾಗೆ. ಹುಟ್ಟಿನಲ್ಲಿ ಮಾತ್ರ ಕಾಲು ಶತಮಾನದ ಅಂತರ: ಅಂಬಾಸಿಡರ್ ಐವತ್ತರ ದಶಕದ ಕೊನೆಯದು, ಮಾರುತಿ 1983ರ ಡಿಸೆಂಬರಿನದು. ನಮ್ಮ ಅಂಗಳದಲ್ಲಿರುವುದು 1969ರ ಮಾರ್ಕ್ 2 ಅಂಬಾಸಿಡರ್, 1987ರ ಮಾರುತಿ. ಒಂದರ ಚಕ್ರ 15 ಇಂಚು, ಇನ್ನೊಂದರದ್ದು 12. ಒಂದು ಹನ್ನೊಂದು ಕ್ವಿಂಟಾಲಿಗೂ ಮೇಲೆ ತೂಗುತ್ತದೆ, ಇನ್ನೊಂದು ಹೆಚ್ಚುಕಮ್ಮಿ ಅದರ ಅರ್ಧ. ಇಷ್ಟು ಸಾಕು, ಉಳಿದ ಅಂಕಿ ಬೇಕಾದವರಿಗೆ ಫೋನಿನಲ್ಲೇ ಸಿಗುತ್ತದೆ.

ನನ್ನನ್ನು ಕಾಡಿದ್ದು ಇನ್ನೊಂದು ಲೆಕ್ಕ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಬೇರೆ ನಿಯಮ ಮಾಡಿತು. ಗಾಡಿಯ ಮೊದಲ ನೋಂದಣಿಗೆ 50 ವರ್ಷ ಆಗಿರಬೇಕು, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳುತ್ತದೆ. ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಸರಿ. ಜೊತೆಗೆ ಒಂದು ಷರತ್ತು: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಗೆ, ಬಾಡಿಗೆ, ಇಂಜಿನ್ನಿಗೆ ದೊಡ್ಡ ಬದಲಾವಣೆ ಮಾಡಿರಬಾರದು. ಅಪ್ಪನ ಅಂಬಾಸಿಡರಿಗೆ 2019ಕ್ಕೇ ವಯಸ್ಸು ಬಂತು, ಆದರೆ ಮೂಲ ರೂಪ ಎಂಬುದು ಅದರ ಹತ್ತಿರ ಎಂದೋ ಇಲ್ಲ. ಮಾವನ ಮಾರುತಿ ಮೂಲ ರೂಪದಲ್ಲೇ ಉಂಟು, ವಯಸ್ಸು ಬರುವುದು 2037ಕ್ಕೆ. ಅಷ್ಟೊತ್ತಿಗೆ ಅದನ್ನು ಓಡಿಸಲು ನನ್ನ ಮೂಲ ರೂಪ ಎಷ್ಟು ಉಳಿದಿರುತ್ತದೋ.

ಇನ್ನೂ ಸ್ವಲ್ಪ ಕೆದಕಿದರೆ ಅಂಬಾಸಿಡರ್ ಎಂಬುದೇ ಎಲ್ಲಿಯ ಒರಿಜಿನಲ್? ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರು ಹಡಗು ಹತ್ತಿ ಬಂದು ಇಲ್ಲಿಯ ಹೆಸರು ಇಟ್ಟುಕೊಂಡದ್ದು. ಮಾರುತಿಯೂ ಸುಜುಕಿಯವರ ಚಿಕ್ಕ ಕಾರು. ಈ ದೇಶದ ಮೊಟ್ಟಮೊದಲ ಮಾರುತಿಯ ಬೀಗದಕೈಯನ್ನು ಇಂದಿರಾ ಗಾಂಧಿಯವರ ಕೈಯಿಂದ ಪಡೆದವರು ಹರ್‌ಪಾಲ್ ಸಿಂಗ್. ಅವರ ನಂತರ ಆ ಕಾರು ದೆಹಲಿಯಲ್ಲಿ ರಸ್ತೆ ಬದಿ ತುಕ್ಕು ಹಿಡಿಯುತ್ತ ನಿಂತಿತ್ತು. ಆಮೇಲೆ ಕಂಪನಿಯವರೇ ಅದನ್ನು ಪೂರ್ತಿ ರಿಪೇರಿ ಮಾಡಿಸಿ ತಮ್ಮ ಕಚೇರಿಯಲ್ಲಿ ಇಟ್ಟುಕೊಂಡರು. ಅದರ ಬಾನೆಟ್ ಎತ್ತಿಸಿ ಒರಿಜಿನಲ್ಲಾ ಅಂತ ಯಾರೂ ಕೇಳಲಿಕ್ಕಿಲ್ಲ.

ಹಲಸಿನ ಮರದ ಕೆಳಗೆ

ಅಪ್ಪ ಆ ಕಾರನ್ನು ಘಟ್ಟದ ಮೇಲಿನ ಕಾಫಿ ತೋಟದವರೊಬ್ಬರಿಂದ ಸೆಕೆಂಡ್ ಹ್ಯಾಂಡಾಗಿ ತೆಗೆದುಕೊಂಡದ್ದು 1978ರಲ್ಲಿ. ಉಡುಪಿಯಲ್ಲಿ ಟ್ಯಾಕ್ಸಿ ಮಾಡಿದರು. ಬಜ್ಪೆಯಲ್ಲಿ ಬೊಂಬಾಯಿಯ ವಿಮಾನ ಇಳಿದವರು, ಮಣಿಪಾಲದ ಆಸ್ಪತ್ರೆಗೆ ಬಂದವರು, ಮದುವೆ ದಿಬ್ಬಣ, ಮೇ ತಿಂಗಳಲ್ಲಿ ಶಂಕರಪುರದ ಮಲ್ಲಿಗೆಯ ಅಟ್ಟೆ, ಎಲ್ಲದಕ್ಕೂ ಅದೇ. ಪರ್ಮಿಟ್ಟಿನಲ್ಲಿ ಎಷ್ಟು ಜನ ಅಂತ ಬರೆದಿತ್ತೋ ಅದು ಪರ್ಮಿಟ್ಟಿನಲ್ಲಿ. ಸರ್ವಿಸ್ ಕಾರುಗಳ ಕಾಲ ನೋಡಿದವರಿಗೆ ಗೊತ್ತು: ಡ್ರೈವರಿನ ಎಡಕ್ಕೆ ಮೂವರು, ಬಲಕ್ಕೆ ಒಬ್ಬ, ಡ್ರೈವರು ತನ್ನದೇ ಕಾರಿನಲ್ಲಿ ಜಾಗ ಸಾಲದೆ ಓರೆಯಾಗಿ ಕೂತು ಹ್ಯಾಂಡ್ ಗೇರ್ ಎಳೆಯಬೇಕು. ಪೆಟ್ರೋಲ್ ಇಂಜಿನ್, 1489 ಸಿಸಿ. ಲೋಡಿನಲ್ಲಿ ಲೀಟರಿಗೆ ಎಂಟು ಕಿಲೋಮೀಟರ್ ಕೊಟ್ಟರೆ ಅಪ್ಪ ಆ ದಿನ ಮನೆಗೆ ಚಕ್ಕುಲಿ ತರುತ್ತಿದ್ದರು.

ಚಕ್ಕುಲಿ ತರುವ ದಿನಗಳು ಕಡಿಮೆಯಾಗುತ್ತ ಬಂದವು. ಡೀಸೆಲ್ಲಿಗೆ ಹೋಗದೆ ದಾರಿ ಇಲ್ಲ ಎಂದು ಸ್ಟ್ಯಾಂಡಿನ ಎಲ್ಲರೂ ಹೇಳತೊಡಗಿದರು. ಸಂಜೆ ಪಿಗ್ಮಿಯವರು ಸ್ಟ್ಯಾಂಡಿಗೇ ಬಂದು ದುಡ್ಡು ಪಡೆದು ಹೋಗುತ್ತಿದ್ದರು. (ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಈ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು ನಮ್ಮ ಈ ಊರಿನ ಕಡೆಯಲ್ಲೇ. ನಮ್ಮವರು ದೊಡ್ಡ ದುಡ್ಡನ್ನು ಯಾವತ್ತೂ ಚಿಲ್ಲರೆಯಲ್ಲೇ ಕಂಡವರು.) ಹಾಗೆ ಕೂಡಿದ ದುಡ್ಡಿನಲ್ಲಿ 1985ರಲ್ಲಿ ಅಪ್ಪ ಒಂದು ಮೆಟಡೋರ್ ವ್ಯಾನಿನ ಹಳೇ ಡೀಸೆಲ್ ಇಂಜಿನ್ ತಂದರು. ನನಗೆ ಆಗ ಹನ್ನೊಂದು ವರ್ಷ. ಶಾಲೆಗೆ ದೊಡ್ಡ ರಜೆ.

ಕಲ್ಯಾಣಪುರದ ಕಡೆಯ ಒಂದು ಗ್ಯಾರೇಜು. ಗ್ಯಾರೇಜು ಅಂದರೆ ಒಂದು ಹಲಸಿನ ಮರ, ಅದರ ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲ, ಬದಿಯಲ್ಲಿ ಮಡಲು ಹೊದಿಸಿದ ಒಂದು ಕೊಟ್ಟಿಗೆ. ಮೇಸ್ತ್ರಿ ದಪ್ಪದ ಕೊಂಬೆಯೊಂದಕ್ಕೆ ಗೋಣಿ ಸುತ್ತಿ, ಅದರ ಮೇಲೆ ಚೈನ್ ಬ್ಲಾಕ್ ಕಟ್ಟಿದ್ದರು. ಮರಕ್ಕೆ ನೋವಾಗಬಾರದು ಅಂತಲೋ ಚೈನ್ ಜಾರಬಾರದು ಅಂತಲೋ ಕೇಳಿದೆ. “ಎರಡೂ” ಅಂದರು. ಬಾನೆಟ್ ಬಿಚ್ಚಿ ನೆಲಕ್ಕೆ ಅಂಗಾತ ಇಟ್ಟಿದ್ದರು, ಅದರೊಳಗೆ ಬಿಚ್ಚಿದ ಬೋಲ್ಟು ನಟ್ಟುಗಳೆಲ್ಲ. ಹಳೇ ಇಂಜಿನ್ ಚೈನಿಗೆ ಜೋತು ಟಕ್ ಟಕ್ ಎಂದು ಒಂದೊಂದೇ ಗೆಣ್ಣು ಮೇಲೆ ಬರುವಾಗ ಕಾರಿನ ಮುಂಭಾಗ ತಾನಾಗಿ ಎದ್ದಿತು. ಭಾರ ಇಳಿಸಿದ ಎತ್ತು ಕತ್ತು ಎತ್ತುವ ಹಾಗೆ. ಅಪ್ಪ ಆ ಕಡೆ ನೋಡಲಿಲ್ಲ. ಬೀಡಿ ಹಚ್ಚಿಕೊಂಡು ಹೊಸ ಇಂಜಿನ್ನಿನ ಗ್ಯಾಸ್ಕೆಟ್ಟಿನ ರೇಟು ಮಾತಾಡುತ್ತಿದ್ದರು.

ಹೊಸದು ಕೂರಬೇಕಲ್ಲ. ಕೂರಲಿಲ್ಲ. ಮೌಂಟಿಂಗ್ ಕೊಯ್ದು ಬೇರೆ ಕಡೆ ವೆಲ್ಡ್ ಮಾಡಬೇಕಾಯಿತು, ರೇಡಿಯೇಟರನ್ನು ಮುಂದೆ ತಳ್ಳಬೇಕಾಯಿತು, ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂರುವ ಒಂದು ಪ್ಲೇಟನ್ನು ಲೇತಿನಲ್ಲಿ ಮಾಡಿಸಿ ತರಬೇಕಾಯಿತು. ಲೇತಿನವನು ಮೊದಲು ಮಾಡಿದ್ದು ನೂಲೆಳೆಯಷ್ಟು ತಪ್ಪಿತ್ತು. ಇನ್ನೊಂದು ಮಾಡಿದ. ಡೀಸೆಲ್ ಇಂಜಿನ್ ಭಾರ ಜಾಸ್ತಿ, ಕೂರಿಸಿದ ಕೂಡಲೇ ಕಾರು ಮೂಗು ಬಗ್ಗಿಸಿತು. ಅಂಬಾಸಿಡರಿನ ಮುಂದುಗಡೆ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು. ಅದನ್ನು ತಿರುಚಿ ಮೇಲೆತ್ತಿದರು. ನಾಲ್ಕು ದಿನದ ಕೆಲಸ ಅಂದದ್ದು ಹದಿನೇಳು ದಿನ ಹಿಡಿಯಿತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಹೀಟರ್ ಹಾಕಿ ಇಪ್ಪತ್ತು ಎಣಿಸಲು ನನಗೆ ಹೇಳಿದರು. ನಾನು ಹದಿನಾರಕ್ಕೆ ಬರುವಾಗ ಮೇಸ್ತ್ರಿ ತಾಳ್ಮೆ ಕೆಟ್ಟು ಸೆಲ್ಫ್ ಎಳೆದರು. ಹಲಸಿನ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು. ಅಷ್ಟು ಹೊಗೆ, ಅಷ್ಟು ಸದ್ದು. ಅಪ್ಪನ ಮುಖದಲ್ಲಿ ನಾನು ಕಂಡದ್ದು ಸಂತೋಷವೇ ಇರಬೇಕು, ಹೊಗೆಯಲ್ಲಿ ಸರಿ ಕಾಣಲಿಲ್ಲ.

ಹಳೇ ಪೆಟ್ರೋಲ್ ಇಂಜಿನ್ ಕಾರ್ಕಳದ ಕಡೆಯ ಅಡಿಕೆ ತೋಟಕ್ಕೆ ಹೋಯಿತು, ಹೊಳೆಯಿಂದ ನೀರೆತ್ತುವ ಪಂಪಿಗೆ. ಸೀಮೆಎಣ್ಣೆಯಲ್ಲಿ ಓಡಿಸುತ್ತಾರಂತೆ ಎಂದು ಅಪ್ಪ ಒಮ್ಮೆ ಹೇಳಿದ್ದರು. ಆ ಹುಡುಗ ಹುಡುಕುತ್ತಿದ್ದ ಒರಿಜಿನಲ್ಲು ಅಲ್ಲಿತ್ತು. ಈಗ ಇರಲಿಕ್ಕಿಲ್ಲ.

ಇಂಜಿನ್ ಒಂದೇ ಅಲ್ಲ. ಸೀಟು ಮೂರು ಸಲ ಬದಲಾಗಿದೆ. ಬಣ್ಣ ಎಷ್ಟು ಸಲ ಅಂತ ಅಪ್ಪನಿಗೂ ಲೆಕ್ಕವಿಲ್ಲ. ಬಾಗಿಲ ಸಂದಿಯಲ್ಲಿ ಕೆರೆದರೆ ಕಪ್ಪು, ಅದರಡಿ ಬಿಳಿ, ಅದರಡಿ ತೋಟದವರ ಕಾಲದ ಒಂದು ತಿಳಿ ಹಸುರು. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಉಳಿದ ತಿಂಗಳು ಉಪ್ಪು ಗಾಳಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಟಿಂಕರಿಂಗಿನ ಸಾಹೇಬರು ಬಂದು, ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ಬಡಿದು, ಸದ್ದು ಕೇಳಿ, ಎಲ್ಲಿ ಹೋಗಿದೆ ಎಂದು ಹೇಳುತ್ತಿದ್ದರು. ಹಲಸಿನ ಹಣ್ಣು ಬಡಿದು ನೋಡುವುದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಹೋದ ಜಾಗ ಕೊಯ್ದು ಹೊಸ ತಗಡು ಹಾಕುವುದು, ಒಮ್ಮೆ ಆಯಿಲ್ ಡ್ರಮ್ಮಿನ ತಗಡೂ ಹಾಕಿದ್ದುಂಟು. ಹಾಗಾದರೆ ನಾವು ಅಪ್ಪನ ಕಾರು ಅನ್ನುವುದು ಯಾವುದನ್ನು? ಆರ್‌ಸಿ ಪುಸ್ತಕವನ್ನೇ ಇರಬೇಕು. ಅದೂ ಎರಡನೆಯದ್ದು, ಮೊದಲನೆಯದನ್ನು ಗೆದ್ದಲು ತಿಂದಿತ್ತು.

ಬಲ್ಬು ಉರಿಯುವ ಗ್ಯಾರೇಜು

ಮಾವ ಬ್ಯಾಂಕಿನಲ್ಲಿದ್ದರು. ಕರಾವಳಿಯಲ್ಲಿ ಹಾಗೆಂದರೆ ಸಾಕು, ಯಾವ ಬ್ಯಾಂಕು ಅಂತ ಆಮೇಲೆ ಕೇಳುತ್ತಾರೆ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು, ಬ್ಯಾಂಕಿನ ಸಾಲದಲ್ಲಿ, 1987ರಲ್ಲಿ ಮಂಗಳೂರಿನಿಂದ ಆ ಬಿಳಿ ಮಾರುತಿ ತಂದರು. ತಂದ ದಿನ ಓಣಿಯ ಮಕ್ಕಳೆಲ್ಲ ಸೇರಿದ್ದೆವು. ಮಾವ ಬೀಗದಕೈ ತಿರುಗಿಸಿದರು. ನಾವು ಕಾದೆವು. “ಸ್ಟಾರ್ಟ್ ಮಾಡಿ ಮಾವ” ಅಂದೆ. “ಆಗಿದೆ ಮಾರಾಯ” ಅಂದರು. ಹೊಗೆ ಇಲ್ಲ, ಕಾಗೆ ಏಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಮೋಸ ಹೋದ ಹಾಗಾಯಿತು.

ಮಾವ ಆ ಕಾರನ್ನು ಸಾಕಿದ ರೀತಿ ಹೇಳಿದರೆ ನಗುತ್ತೀರಿ. ಜೂನ್ ಮೊದಲ ವಾರ ಒಳಗೆ ಹೋದರೆ ಹೊರಗೆ ಬರುವುದು ನವರಾತ್ರಿಗೆ, ವಾಹನಪೂಜೆಗೆ. ಆ ನಾಲ್ಕು ತಿಂಗಳು ಗ್ಯಾರೇಜಿನಲ್ಲಿ 100 ವ್ಯಾಟಿನ ಒಂದು ಬಲ್ಬು ಹಗಲು ರಾತ್ರಿ ಉರಿಯುತ್ತಿತ್ತು, ತೇವ ಹಿಡಿಯಬಾರದೆಂದು. ನಮ್ಮಲ್ಲಿ ಪಟ್ಟೆಸೀರೆಯ ಕಪಾಟಿನಲ್ಲಿ ಬಲ್ಬು ಹಾಕುತ್ತಾರಲ್ಲ, ಹಾಗೆ. ವಾರಕ್ಕೊಮ್ಮೆ ಮಾವ ಹೋಗಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಕೂತು, ಪೇಪರ್ ಓದಿ, ಆಫ್ ಮಾಡಿ ಬರುತ್ತಿದ್ದರು. “ನಿಮ್ಮ ಮಾವ ಕಾರಿನಲ್ಲಿ ಗ್ಯಾರೇಜಿಗೆ ಹೋಗಿದ್ದಾರೆ” ಎಂದು ಅತ್ತೆ ಗೇಲಿ ಮಾಡುತ್ತಿದ್ದರು. ಬೇರೆ ಯಾರ ಕೈಗೂ ಕೊಟ್ಟವರಲ್ಲ. ಮೂವತ್ತೆಂಟು ವರ್ಷದಲ್ಲಿ ಅದು ಓಡಿದ್ದು 41,000 ಕಿಲೋಮೀಟರು. ಅಪ್ಪನ ಅಂಬಾಸಿಡರಿನ ಮೀಟರು 1983ರಲ್ಲೇ ನಿಂತಿದೆ, ಹಾಗಾಗಿ ಹೋಲಿಕೆ ಬೇಡ.

ಈಗ ಅಂಬಾಸಿಡರ್ ಬಗ್ಗೆ ಬರೆಯುವವರೆಲ್ಲ ಕಣ್ಣೀರು ತಂದುಕೊಳ್ಳುತ್ತಾರೆ, ಸೋಫಾದ ಹಾಗಿನ ಸೀಟು, ಆನೆಯ ಹಾಗಿನ ನಡಿಗೆ ಅಂತ. ಅದರಲ್ಲಿ ಹಿಂದಿನ ಸೀಟಿನ ನಡುವೆ ಕೂತು ಘಟ್ಟ ಹತ್ತಿದ ಹೆಂಗಸರನ್ನು ಯಾರೂ ಕೇಳಿಲ್ಲ. ಅಪ್ಪನ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಅಮ್ಮ ಕೂತದ್ದನ್ನು ನಾನು ನೋಡಿಯೇ ಇಲ್ಲ. ಮನೆಯವರೇ ಹೋಗುವ ದಿನ ಮುಂದೆ ಅಜ್ಜ, ಅಜ್ಜ ಇಲ್ಲದಿದ್ದರೆ ಬಂದ ನೆಂಟರು, ಅವರೂ ಇಲ್ಲದಿದ್ದರೆ ಗಂಡು ಮಕ್ಕಳು ಅಂತ ನಾವು. ಅಮ್ಮ ಹಿಂದೆ, ತೊಡೆಯ ಮೇಲೆ ಯಾರದ್ದೋ ಮಗು, ಕಾಲಡಿಯಲ್ಲಿ ಗಂಟು. ಡೀಸೆಲ್ ಇಂಜಿನ್ ಬಂದ ಮೇಲೆ ಹೊಗೆಯ ವಾಸನೆಗೆ ಅವರಿಗೆ ಹಿರಿಯಡ್ಕ ದಾಟುವಷ್ಟರಲ್ಲಿ ವಾಂತಿ. ಒಂದು ಕೈಯಲ್ಲಿ ಲಿಂಬೆಹಣ್ಣು ಯಾವಾಗಲೂ ಇರುತ್ತಿತ್ತು.

ಮಾರುತಿ ಬಂದ ಮರುದಿನ ಮಾವ ಮನೆಗೆ ಬಂದು, ಎಡಗಡೆಯ ಬಾಗಿಲು ತೆಗೆದು, “ಅಕ್ಕ, ನೀನು ಎದುರು ಕೂತ್ಕೋ” ಅಂದರು. ಅಮ್ಮ ನನ್ನನ್ನು ನೋಡಿದರು, ಆಮೇಲೆ ಅಪ್ಪ ಇದ್ದಾರಾ ಅಂತ ಒಳಗೆ ನೋಡಿದರು. ಅಪ್ಪ ಬಜ್ಪೆಗೆ ಟ್ರಿಪ್ ಹೋಗಿದ್ದರು. ಹಿಂದಿನ ಸೀಟಿನಲ್ಲಿ ನಾನೂ ತಂಗಿಯೂ. ಮಲ್ಪೆಗೆ ಹೋದೆವು, ಆರು ಕಿಲೋಮೀಟರ್ ಆದೀತು. ಅಮ್ಮ ದಾರಿಯುದ್ದಕ್ಕೂ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದರು. ಎದುರಿಗೆ ಯಾರ ತಲೆಯೂ ಇಲ್ಲದೆ ರಸ್ತೆಯನ್ನು ಅವರು ಕಾಣುತ್ತಿದ್ದದ್ದು ಅದೇ ಮೊದಲು ಎಂದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ. “ರಸ್ತೆ ಇಷ್ಟು ಹತ್ತಿರ ಬರ್ತದಾ!” ಎಂದು ಒಮ್ಮೆ ಅಂದರು. ಕಡಲ ಬದಿಯಲ್ಲಿ ಇಳಿಯಲೂ ಇಲ್ಲ. ಗಾಜು ಏರಿಸಿಕೊಂಡು ಅಲ್ಲಿಂದಲೇ ಕಡಲು ನೋಡಿದರು. ಮನೆಗೆ ಬಂದ ಮೇಲೆ ಲಿಂಬೆಹಣ್ಣು ಕೈಯಲ್ಲೇ ಇತ್ತು, ಮೂಸದ್ದು. ಅದನ್ನೇ ಹಿಂಡಿ ಮಾವನಿಗೆ ಪಾನಕ ಮಾಡಿಕೊಟ್ಟರು.

ಹಾಗಾಗಿ ಯಾವ ಗಾಡಿ ಒಳ್ಳೆಯದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಉಂಟು: ಮಾರುತಿ. ಓಡಿಸಲಿಕ್ಕೆ ಹಳೇ ಚಪ್ಪಲಿ ಮೆಟ್ಟಿದ ಹಾಗೆ, ಯೋಚನೆಯೇ ಬೇಡ. ಅಂಬಾಸಿಡರಿನ ಬ್ರೇಕನ್ನು ಎದುರಿನ ಬಸ್ಸಿನವನು ಏನು ಮಾಡಬಹುದು ಎಂದು ಮೊದಲೇ ಊಹಿಸಿ ಒತ್ತಬೇಕು. ಕ್ಲಚ್ಚಿಗೆ ಎಡಗಾಲಿನಲ್ಲಿ ಒಂದು ದಿನದ ಗದ್ದೆ ಕೆಲಸದಷ್ಟು ಬಲ ಬೇಕು. ಗೇರು ಬಿತ್ತೋ ಇಲ್ಲವೋ ಎಂಬುದು ಅಂಗೈಗೆ ಗೊತ್ತಾಗಬೇಕು. ಇದೆಲ್ಲ ಗೊತ್ತಿದ್ದೂ ಭಾನುವಾರ ಬೆಳಿಗ್ಗೆ ಕೈ ಹೋಗುವುದು ಅಂಬಾಸಿಡರಿನ ಬೀಗದಕೈಗೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹದಿನಾಲ್ಕು ತಿರುವು

1989ರ ಮೇ ತಿಂಗಳು, ತೀರ್ಥಹಳ್ಳಿಯಲ್ಲಿ ಮದುವೆ. ಎರಡೂ ಕಾರು ಒಟ್ಟಿಗೆ ಹೊರಟವು. ಮಾರುತಿಯಲ್ಲಿ ಮಾವ, ಅತ್ತೆ, ಅವರ ಮಗ, ಅಮ್ಮ. ಅಂಬಾಸಿಡರಿನಲ್ಲಿ ನಾವು ಒಂಬತ್ತು ಜನ, ಮೇಲೆ ಕ್ಯಾರಿಯರಿನಲ್ಲಿ ಎರಡು ಬಾಳೆಗೊನೆ, ಒಂದು ಚೀಲ ತೆಂಗಿನಕಾಯಿ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಶುರುವಾಗುವಲ್ಲಿ ಮಾವ ಹಾರ್ನ್ ಹೊಡೆದು ಮುಂದೆ ಹೋದರು. ಹದಿನಾಲ್ಕು ತಿರುವಿನಲ್ಲಿ ಏಳನೆಯದೋ ಎಂಟನೆಯದೋ ಬರುವಾಗ ನಮ್ಮ ಬಾನೆಟ್ಟಿನ ಸಂದಿಯಿಂದ ಹಬೆ. ಅದು ಕಾರಿನ ತಪ್ಪಲ್ಲ. ವ್ಯಾನಿನ ಇಂಜಿನ್ನಿಗೆ ಕಾರಿನ ರೇಡಿಯೇಟರ್ ಕೊಟ್ಟು, ಅದರ ಮೇಲೆ ಒಂಬತ್ತು ಜನರನ್ನೂ ಬಾಳೆಗೊನೆಯನ್ನೂ ಹೇರಿದವರು ನಾವು. ಹ್ಯಾಂಡ್ ಬ್ರೇಕಿನ ಮೇಲೆ ಅಪ್ಪನಿಗೆ ನಂಬಿಕೆ ಇರಲಿಲ್ಲ. ಕಾರು ನಿಧಾನ ಆಗುತ್ತಿದ್ದ ಹಾಗೇ ನಾನು ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಹತ್ತನೇ ವಯಸ್ಸಿನಿಂದ ಅದು ನನ್ನ ಕೆಲಸ. ಯಾವ ತಿರುವಿನಲ್ಲಿ ಒಳ್ಳೆ ಕಲ್ಲು ಸಿಗುತ್ತದೆ ಎಂದು ನನಗೆ ಗೊತ್ತಿತ್ತು.

ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ ಅಪ್ಪ ಕಾದರು. ಬಂಡೆಯಿಂದ ಜಿನುಗುವ ನೀರಿಗೆ ನಾವು ಕೊಡಪಾನ ಹಿಡಿದೆವು. ದೊಡ್ಡಪ್ಪ ಬಾಳೆಗೊನೆಯಿಂದ ಹಣ್ಣಾದ ನಾಲ್ಕು ಕಿತ್ತು ಮಕ್ಕಳಿಗೆ ಹಂಚಿದರು. ಯಾರಿಗೂ ಅವಸರ ಇರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಮೇಲೆ ತಲುಪಿದಾಗ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಮಾವ ಆತಂಕದಲ್ಲಿ ಅತ್ತಿತ್ತ ನಡೆಯುತ್ತಿದ್ದರು. “ಎಂತಾಯ್ತು ಭಾವ?” “ಏನಿಲ್ಲ. ನೀರು ಕುಡಿಸಿ ಬಂದೆ” ಅಂದರು ಅಪ್ಪ, ಎಮ್ಮೆಯ ಸುದ್ದಿ ಹೇಳುವವರ ಹಾಗೆ.

ಮರುದಿನ ರಾತ್ರಿ ವಾಪಸ್ ಇಳಿಯುವಾಗ ಅಡ್ಡಮಳೆ. ಗುಡುಗು, ಮಿಂಚು, ಘಾಟಿಯಲ್ಲಿ ಕೆಂಪು ನೀರು. ಹೆಬ್ರಿಯ ಈಚೆ ರಸ್ತೆಗೆ ಅಡ್ಡ ಹರಿಯುತ್ತಿದ್ದ ನೀರಿಗೆ ಮಾವ ಸ್ವಲ್ಪ ಜೋರಾಗಿಯೇ ಇಳಿಸಿದರು. ಎದುರಿನ ಕೆಂಪು ದೀಪ ಅಲ್ಲೇ ನಿಂತಿತು. ನಾವು ಇಳಿದು ಮಾರುತಿಯನ್ನು ಒಣ ಜಾಗಕ್ಕೆ ತಳ್ಳಿದೆವು. ತಳ್ಳಲಿಕ್ಕೆ ಮೂರೇ ಜನ ಸಾಕಾಯಿತು ಅಂತ ದೊಡ್ಡಪ್ಪನಿಗೆ ಆಶ್ಚರ್ಯ. ಅಪ್ಪ ಟಾರ್ಚು ಹಿಡಿದು ಬಂದರು. “ಡಿಸ್ಟ್ರಿಬ್ಯೂಟರಿಗೆ ನೀರು ಹೋಗಿರ್ತದೆ. ಕ್ಯಾಪ್ ತೆಗೆದು ಒರೆಸಿದ್ರೆ ಆಯ್ತು, ಐದು ನಿಮಿಷ.” ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದೂ ಆಗಿತ್ತು. ಮಾವ ಬಾನೆಟ್ಟಿನ ಮೇಲೆ ಕೈ ಇಟ್ಟರು. “ಬೇಡ ಭಾವ. ನೀವು ಬಿಚ್ಚುದು ಬೇಡ. ಕಂಪನಿಯವರೇ ನೋಡ್ಲಿ.”

ಮಳೆಯ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಹನ್ನೊಂದು ವರ್ಷ ಟ್ಯಾಕ್ಸಿ ಓಡಿಸಿ, ಹಲಸಿನ ಮರದ ಕೆಳಗೆ ಹದಿನೇಳು ದಿನ ಕೂತು ಒಂದು ಕಾರನ್ನೇ ಬೇರೆ ಮಾಡಿಸಿಕೊಂಡು ಬಂದ ಮನುಷ್ಯ ಬೈರಾಸನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಡಿಕ್ಕಿ ತೆಗೆದು ಬಾವಿ ಹಗ್ಗ ತಂದರು. ಅಲ್ಲಿಂದ ಉಡುಪಿಗೆ ಮೂವತ್ತು ಚಿಲ್ಲರೆ ಕಿಲೋಮೀಟರು, ಒಂಬತ್ತು ಜನರ ಅಂಬಾಸಿಡರ್ ನಾಲ್ಕು ಜನರ ಮಾರುತಿಯನ್ನು ಎಳೆದುಕೊಂಡು ಬಂತು. ನಾನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದೆ: ಮಿಂಚು ಹೊಡೆದಾಗೆಲ್ಲ ಸ್ಟೀರಿಂಗ್ ಬಿಗಿ ಹಿಡಿದ ಮಾವ, ಪಕ್ಕದಲ್ಲಿ ಅಮ್ಮ. ತಿರುವುಗಳಲ್ಲಿ ಹಗ್ಗ ಬಂಪರಿನ ಅಂಚಿಗೆ ಉಜ್ಜುತ್ತಿತ್ತು. ಹುಡುಗ ಬೆರಳಾಡಿಸಿದ್ದು ಆ ಗೀರಿನ ಮೇಲೆ.

ಬೆಳಿಗ್ಗೆ ಮಾವ ಸುಮ್ಮನೆ ಬೀಗದಕೈ ತಿರುಗಿಸಿ ನೋಡಿದರು. ರಾತ್ರಿ ಒಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. “ನೋಡಿದ್ರಾ ಭಾವ!” ಅಂದರು. “ನೋಡಿದೆ” ಅಂದರು ಅಪ್ಪ. ಆ ವಿಷಯ ಆಮೇಲೆ ಅವರಿಬ್ಬರಲ್ಲಿ ಎತ್ತಿದ್ದನ್ನು ನಾನು ಕೇಳಿಲ್ಲ. ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತದ್ದೂ ಇಲ್ಲ.

ಎಣ್ಣೆಯ ಹನಿ

ಕೆಲವು ವರ್ಷದ ಹಿಂದೆ ಅಪ್ಪನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದೆ. ದರ್ಶನ ಮುಗಿಸಿ ಹೆಗ್ಗಡೆಯವರು ಕೂಡಿಸಿದ ಹಳೇ ಕಾರುಗಳನ್ನು ನೋಡಲು ಹೋದೆವು. ಜನ ಎಲ್ಲ ಹೊಳೆಯುವ ಬಾನೆಟ್ಟು, ದೊಡ್ಡ ದೀಪ ನೋಡುತ್ತಿದ್ದರೆ ಅಪ್ಪ ಕೋಲು ಊರಿ ಬಗ್ಗಿ ಬಗ್ಗಿ ಕಾರುಗಳ ಅಡಿಯ ನೆಲ ನೋಡುತ್ತಿದ್ದರು. ಎಂತ ನೋಡುದು ಅಂದೆ. “ಎಣ್ಣೆ ಹನಿ ಬಿದ್ದಿದೆಯಾ ಅಂತ. ಬಿದ್ದಿದ್ರೆ ಓಡುವ ಗಾಡಿ” ಅಂದರು. ಮೈದಾನದ ಹುಡುಗನ ವಿಷಯ ಮನೆಗೆ ಬಂದು ಹೇಳಿದಾಗಲೂ ಅವರು ಕೇಳಿದ್ದು ಒಂದೇ: “ವಾಪಸ್ ಬರುವಾಗ ಟೆಂಪರೇಚರ್ ಎಷ್ಟಿತ್ತು?”

ಮಾವ ತೀರಿಕೊಂಡ ಮೇಲೆ ಅತ್ತೆ ಬೆಂಗಳೂರಿಗೆ ಮಗನ ಮನೆಗೆ ಹೋದರು. ಕಾರು ನಮ್ಮಲ್ಲಿಗೆ ಬಂತು, ಬಲ್ಬು ಬರಲಿಲ್ಲ. ಹೋದ ವಾರ ಡ್ರೈವರ್ ಕಡೆಯ ಮ್ಯಾಟ್ ಎತ್ತಿದೆ, ಅಡಿ ಒದ್ದೆ. ಕಾರ್ಪೆಟ್ ಎತ್ತಿದರೆ ಎಂಟಾಣೆಯಗಲದ ತೂತು; ಅದರಲ್ಲಿ ಅಂಗಳದ ಹುಲ್ಲು ಕಾಣುತ್ತದೆ. ಒಳಗಿನಿಂದಲೇ ಹಿಡಿದ ತುಕ್ಕು. ಮೇಲಿನಿಂದ ಪೂಜೆಗಿಟ್ಟ ಹಾಗೆ ಇದ್ದ ಕಾರು. ಸಾಹೇಬರ ಮಗನಿಗೆ ಫೋನ್ ಮಾಡಿದೆ. ಆಮೇಲೆ ಮನಸ್ಸು ಕೇಳದೆ ಅತ್ತೆಗೂ ಮಾಡಿದೆ. ಕೊಯ್ದು ಹೊಸ ತಗಡು ಹಾಕಬೇಕು, ಇಷ್ಟು ವರ್ಷ ಮಾವ ಯಾರಿಗೂ ಮುಟ್ಟಲು ಬಿಟ್ಟಿಲ್ಲ, ಅಂತೆಲ್ಲ ಹೇಳುತ್ತ ಹೋದೆ. ಅತ್ತೆ ಪೂರ್ತಿ ಕೇಳಿದರು. “ನೀರು ಒಳಗೆ ಬರ್ತದಾ?” “ಬರ್ತದೆ ಅತ್ತೆ.” “ಮತ್ತೆಂತ ನನ್ನನ್ನು ಕೇಳುದು? ಹಾಕಿಸು.”

ಸಾಹೇಬರ ಮಗ ಬಂದು, ಅಡಿಗೆ ಮಲಗಿ, ಅವನ ಅಪ್ಪನ ಹಾಗೆಯೇ ಬಡಿದು ನೋಡುತ್ತಿದ್ದ. ಅಷ್ಟರಲ್ಲಿ ನನ್ನ ಅಪ್ಪ ಕೋಲು ಊರಿಕೊಂಡು ಶೆಡ್ಡಿನ ಮೂಲೆಯಿಂದ ಒಂದು ತಗಡಿನ ತುಂಡು ತಂದರು. ಒಂದು ಕಡೆ ತುಕ್ಕು ತಿಂದಿತ್ತು, ಇನ್ನೊಂದು ಕಡೆ ಆ ತಿಳಿ ಹಸುರು. ತೊಂಬತ್ತರ ದಶಕದಲ್ಲಿ ಯಾವಾಗಲೋ ಅಂಬಾಸಿಡರಿನ ಫ್ಲೋರು ಕೊಯ್ದಾಗ ಬಿಸಾಡದೆ ಇಟ್ಟದ್ದಂತೆ. “ಇದರಲ್ಲಿ ಒಳ್ಳೆ ಜಾಗ ಉಂಟು, ಇಲ್ಲಿಂದ ಕೊಯ್ದು ಹಾಕು” ಅಂದರು. ಹುಡುಗ ಕಾರಿನ ಅಡಿಯಿಂದಲೇ ಕೈ ಚಾಚಿ ತಗಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟ.

“ಇದು ಆಗುದಿಲ್ಲ ಅಜ್ಜ, ದಪ್ಪ ಆಯ್ತು. ಇದಕ್ಕೆ ವೆಲ್ಡಿಂಗ್ ಹಿಡಿಯುವಷ್ಟರಲ್ಲಿ ಮಾರುತಿಯ ತಗಡು ಕರಗಿ ಹೋಗ್ತದೆ.”

ಅಪ್ಪ ಮರುಮಾತಾಡಲಿಲ್ಲ. ತುಂಡನ್ನು ಲುಂಗಿಯ ಅಂಚಿನಿಂದ ಒರೆಸಿ, ಮತ್ತೆ ಶೆಡ್ಡಿನ ಮೂಲೆಗೆ ತೆಗೆದುಕೊಂಡು ಹೋಗಿ ಇಟ್ಟರು. ಎಂತಕ್ಕೆ ಇನ್ನೂ ಇಟ್ಟುಕೊಳ್ಳುದು ಅಂತ ಕೇಳಿದೆ. ಎಂತಕ್ಕಾದರೂ ಬೇಕಾಗ್ತದಂತೆ.